ಪಲೆರ್ಮೊ ಅರಮನೆಯ ಸೂರಿನಲ್ಲಿ ಕಂಡವರು

ಇಟಲಿಯ ಸಿಸಿಲಿ ದ್ವೀಪದ ಊರು ಪಲೆರ್ಮೊ. ಅಲ್ಲಿನ ನಾರ್ಮನ್ ಅರಮನೆಗೆ ಹೋಗುವವರಿಗೆ ಮೊದಲೇ ಒಂದು ಮಾತು: ವಾರದ ನಡುವೆ ಹೋಗಬೇಡಿ. ಸಿಸಿಲಿಯ ಶಾಸನಸಭೆ ಇವತ್ತಿಗೂ ಸೇರುವುದು ಅಲ್ಲೇ. ಶಾಸಕರು ಕೂತ ದಿನ ರಾಜರ ಕೋಣೆಗಳತ್ತ ನಮ್ಮನ್ನು ಬಿಡುವುದಿಲ್ಲ. ಅದಕ್ಕೇ ಅಕ್ಕ, ನಾನು ಶನಿವಾರ ಹೋದೆವು. ಬಿಸಿಲು ಸುಡುತ್ತಿತ್ತು, ಸಾಲು ಉದ್ದ ಇತ್ತು. ಇರಲಿ.

ಎಲ್ಲರೂ ನೋಡಲು ಬರುವುದು ಒಳಗಿನ ಪ್ರಾರ್ಥನಾ ಮಂದಿರವನ್ನು, ಕಾಪೆಲ್ಲಾ ಪಲಟೀನಾ. ಎರಡನೇ ರೋಜರ್ 1130ರಲ್ಲಿ ಸಿಸಿಲಿಯ ರಾಜನಾದ ಮೇಲೆ ಕಟ್ಟಿಸಿದ್ದು. ಗೋಡೆ, ಕಮಾನು, ಗುಮ್ಮಟ ಎಲ್ಲ ಚಿನ್ನದ ಮೊಸಾಯಿಕ್, ಅಂದರೆ ಸಣ್ಣ ಚೂರುಗಳನ್ನು ಕೂರಿಸಿ ಮಾಡಿದ ಚಿತ್ರ. ಗುಮ್ಮಟದಲ್ಲಿ ಕ್ರಿಸ್ತ, ಸುತ್ತ ದೇವದೂತರು, ಗ್ರೀಕ್ ಅಕ್ಷರಗಳು. ಜನ ಅಲ್ಲೇ ಮೊಬೈಲ್ ಎತ್ತಿ ನಿಂತುಬಿಡುತ್ತಾರೆ. ನನಗಂತೂ ಅಷ್ಟು ಚಿನ್ನ ಸ್ವಲ್ಪ ಜಾಸ್ತಿಯೇ ಅನ್ನಿಸಿತು.

"ಏ, ಅದನ್ನ ಬಿಡೋ, ಇಲ್ಲಿ ಮೇಲೆ ನೋಡು" ಅಂದಳು ಅಕ್ಕ.

ನಡುಅಂಕಣದ ಸೂರು ಪೂರ್ತಿ ಮರದ್ದು. ಜೇನುಗೂಡಿನ ಹಾಗೆ ಗೂಡು ಗೂಡಾಗಿ ಇಳಿಬಿದ್ದಿದೆ. ನಡುವೆ ಎಂಟು ಮೂಲೆಯ ನಕ್ಷತ್ರಗಳು, ಅಂಚಿನಲ್ಲಿ ಅರಬ್ಬಿ ಬರಹ. ಕಣ್ಣು ಹೊಂದಿಕೊಂಡ ಮೇಲೆ ಒಬ್ಬೊಬ್ಬರಾಗಿ ಕಾಣತೊಡಗಿದರು. ಕಾಲು ಮಡಚಿ ಕೂತು ಬಟ್ಟಲು ಹಿಡಿದವನು. ವಾದ್ಯ ನುಡಿಸುವವನು. ಚದುರಂಗ ಆಡುವ ಇಬ್ಬರು. ಇಗರ್ಜಿಯ ನೆತ್ತಿಯ ಮೇಲೆ ಕುಡಿತ, ಹಾಡು, ಆಟ! ಕೆಳಗೆ ಸಂತರ ಮುಖಗಳೆಲ್ಲ ಬಿಗಿ ಬಿಗಿ. ಮೇಲಿನವರಿಗೆ ಆ ಚಿಂತೆಯೇ ಇಲ್ಲ.

ಸೂರಿನ ಈ ಚಿತ್ರಗಳನ್ನು ಬರೆದದ್ದು ಮುಸ್ಲಿಂ ಕಲೆಗಾರರು. 1072ರಲ್ಲಿ ನಾರ್ಮನ್ನರು, ಅಂದರೆ ಉತ್ತರ ಫ್ರಾನ್ಸಿನ ಕಡೆಯಿಂದ ಬಂದ ರೋಜರನ ಮನೆತನದವರು, ಪಲೆರ್ಮೊವನ್ನು ಅರಬರಿಂದ ಕಿತ್ತುಕೊಂಡರೂ ಅಲ್ಲಿನ ಜನರನ್ನು ಓಡಿಸಲಿಲ್ಲ. ರೋಜರನ ಆಸ್ಥಾನದಲ್ಲಿ ಗ್ರೀಕರಿದ್ದರು, ಅರಬರಿದ್ದರು. ಅಲ್ ಇದ್ರಿಸಿ ಎಂಬ ಪಂಡಿತ ಅವನಿಗಾಗಿ ಜಗತ್ತಿನ ನಕಾಶೆಗಳ ದೊಡ್ಡ ಗ್ರಂಥವನ್ನೇ 1154ರಲ್ಲಿ ಮುಗಿಸಿಕೊಟ್ಟ. 1142ರಲ್ಲಿ ರಾಜ ಒಂದು ನೀರಿನ ಗಡಿಯಾರ ಮಾಡಿಸಿದ. ಗಡಿಯಾರ ಈಗಿಲ್ಲ. ಅದರ ಶಾಸನದ ಕಲ್ಲು ಅರಮನೆಯಲ್ಲೇ ಇದೆ: ಲ್ಯಾಟಿನ್, ಗ್ರೀಕ್, ಅರಬ್ಬಿ, ಮೂರರಲ್ಲೂ ಬರೆದದ್ದು.

ಇದನ್ನೆಲ್ಲ ರಾಜನ ದೊಡ್ಡ ಮನಸ್ಸು ಅಂತ ಹೊಗಳುವವರಿದ್ದಾರೆ. ನನಗೆ ಪೂರ್ತಿ ನಂಬಿಕೆ ಇಲ್ಲ. ಹೊಸದಾಗಿ ಬಂದ ದೊರೆಗೆ ಲೆಕ್ಕ ಬರೆಯುವವರು, ಮರ ಕೆತ್ತುವವರು, ಕಲ್ಲು ಕೂರಿಸುವವರು ಬೇಕಿತ್ತು. ಅವರಲ್ಲಿ ಹಲವರು ಊರಲ್ಲೇ ಇದ್ದರು, ಅಷ್ಟೇ. ಅವನ ಮೊಮ್ಮಗ ಎರಡನೇ ಫ್ರೆಡರಿಕನ ಕಾಲಕ್ಕೆ ಲೆಕ್ಕಾಚಾರ ಬದಲಾಯಿತು. ದಂಗೆ ಎದ್ದ ಸಿಸಿಲಿಯ ಮುಸ್ಲಿಮರನ್ನು ಅವನು ಇಟಲಿಯ ಒಳನಾಡಿನ ಲೂಚೇರಾಗೆ ಸಾಗಿಸಿಬಿಟ್ಟ.

ಮೇಲಿನ ಮಹಡಿಯ ರೋಜರನ ಕೋಣೆಯಲ್ಲೂ ಚಿನ್ನದ ಮೊಸಾಯಿಕ್ಕೇ. ಆದರೆ ಇಲ್ಲಿ ಸಂತರಿಲ್ಲ. ಎದುರುಬದುರು ನಿಂತ ಚಿರತೆಗಳು, ನವಿಲುಗಳು, ಖರ್ಜೂರದ ಮರಗಳು. ಇದು ನನಗೆ ತುಂಬಾ ಹಿಡಿಸಿತು. ಅಷ್ಟರಲ್ಲಿ ಹಿಂದಿನ ಗುಂಪು ನುಗ್ಗಿತು. ಕಾವಲಿನವರು "ಮುಂದೆ, ಮುಂದೆ" ಅಂತ ಕೈ ಬೀಸಿದರು. ಮುಂದಿದ್ದದ್ದು ಶಾಸಕರ ಸಭಾಂಗಣ: ಸೂರಿನಲ್ಲಿ ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್‌ನ ಸಾಹಸಗಳು, ಕೆಳಗೆ ಸಾಲು ಸಾಲು ಖಾಲಿ ಕುರ್ಚಿ. ಅಕ್ಕ ಅಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ.