ಚಾಸರ್ ಪಾಠವನ್ನು ದುಡ್ಡಿನ ಲೆಕ್ಕದಿಂದ ಶುರು ಮಾಡಿ

ಬಿಎ ಮಕ್ಕಳಿಗೆ ಇಂಗ್ಲಿಷ್ ಕವಿ ಚಾಸರ್‌ನ ಪಾಠ ಮಾಡಲು ಹೊರಟ ಹೊಸ ಮೇಷ್ಟ್ರುಗಳಿಗೆ ಒಂದು ಮಾತು. 14ನೇ ಶತಮಾನದಲ್ಲಿ ಚರ್ಚ್ ಕೆಟ್ಟುಹೋಗಿತ್ತು ಅಂತ ಬೋರ್ಡ್ ಮೇಲೆ ಬರೆದು ಶುರು ಮಾಡಬೇಡಿ. ಮಕ್ಕಳು ಆ ಒಂದು ಸಾಲನ್ನೇ ಉರು ಹೊಡೆದು ಪರೀಕ್ಷೆಯಲ್ಲಿ ಇಳಿಸುತ್ತಾರೆ. ಪದ್ಯದ ಕಡೆ ತಿರುಗಿಯೂ ನೋಡುವುದಿಲ್ಲ.

ಯಾತ್ರೆಗೆ ಹೊರಟವರು ದಾರಿಯಲ್ಲಿ ಒಬ್ಬೊಬ್ಬರಾಗಿ ಕತೆ ಹೇಳುವ ಅವನ ಕಾವ್ಯ 'ಕ್ಯಾಂಟರ್ಬರಿ ಟೇಲ್ಸ್'. ನಾನು ಅದರಲ್ಲಿನ ಯಾತ್ರಿಕ ಪಾರ್ಡನರ್‌ನ ಸಂಪಾದನೆಯಿಂದ ಶುರು ಮಾಡುತ್ತೇನೆ. ದುಡ್ಡು ತೆಗೆದುಕೊಂಡು ಪಾಪಕ್ಕೆ ಕ್ಷಮಾಪತ್ರ ಕೊಡುವುದು ಅವನ ಕಸುಬು. ವರ್ಷಕ್ಕೆ 100 ಮಾರ್ಕ್ (ಆಗಿನ ಇಂಗ್ಲೆಂಡಿನ ಹಣದ ಲೆಕ್ಕ) ದುಡಿಯುತ್ತೇನೆ ಅಂತ ತಾನೇ ಜಂಬ ಕೊಚ್ಚಿಕೊಳ್ಳುತ್ತಾನೆ. 1367ರಲ್ಲಿ ರಾಜ ಚಾಸರ್‌ಗೆ ಗೊತ್ತುಮಾಡಿದ ವರ್ಷಾಶನ ಬರೀ 20 ಮಾರ್ಕ್. ಇಷ್ಟು ಹೇಳಿದರೆ ಹಿಂದಿನ ಬೆಂಚು ತಲೆ ಎತ್ತುತ್ತದೆ.

ಆಮೇಲೆ ಅವನ ಸರಕು. ದಿಂಬಿನ ಕವರ್ ತೋರಿಸಿ ಮೇರಿ ಮಾತೆಯ ಮುಸುಕು ಅನ್ನುತ್ತಾನೆ. ಗಾಜಿನ ಡಬ್ಬಿಯಲ್ಲಿ ಪವಿತ್ರ ವಸ್ತುವಿನ ಹೆಸರಲ್ಲಿ ಹಂದಿ ಮೂಳೆ. ಕ್ಲಾಸು ನಗುತ್ತದೆ, ನಗಲಿ. ನಿಧಾನವಾಗಿ, ಎರಡೆರಡು ಸಲ ಓದಿಸಬೇಕಾದದ್ದು ಇನ್ನೊಂದು ಜಾಗ. ಬಾಯಿಬಿಟ್ಟು ಹೇಳಲಾಗದ ಪಾಪ ಮಾಡಿದವರು, ಗಂಡನಿಗೆ ಮೋಸ ಮಾಡಿದ ಹೆಂಗಸರು ಕಾಣಿಕೆ ಹಾಕಲು ಮುಂದೆ ಬರುವ ಹಾಗಿಲ್ಲ ಅಂತ ಚರ್ಚಿನಲ್ಲಿ ಎಲ್ಲರ ಎದುರು ಸಾರುತ್ತಾನೆ. "ಸರ್, ಎದ್ದು ಹೋಗದಿದ್ರೆ ಊರೆಲ್ಲ ಆಡ್ಕೊಳ್ಳುತ್ತೆ ಅಲ್ವಾ?" ಅಂದಳು ಒಬ್ಬ ಹುಡುಗಿ. ಇನ್ನು ವಿವರಣೆ ಯಾಕೆ? ಇಲ್ಲಿ ಚಾಸರ್ ಬೈಯುವುದಿಲ್ಲ, ಕಳ್ಳನ ಬಾಯಲ್ಲೇ ಕೈಚಳಕ ಹೇಳಿಸುತ್ತಾನೆ. ಆ ಕಳ್ಳ ಊರೂರಲ್ಲಿ ಮಾಡುವ ಪ್ರವಚನ ಒಂದೇ: ದುರಾಸೆಯೇ ಎಲ್ಲ ಕೇಡಿನ ಬೇರು!

ಅದೇ ಪೀರಿಯಡ್ಡಿನಲ್ಲಿ ಇನ್ನೊಬ್ಬ ಯಾತ್ರಿಕನಾದ ಬಡ ಪಾದ್ರಿಯ ಸಾಲುಗಳನ್ನೂ ಓದಿಸಿ. ಮಳೆ, ಗುಡುಗು ಅನ್ನದೆ ಕೋಲು ಹಿಡಿದು ದೂರದ ಮನೆಗಳಿಗೆ ನಡೆದೇ ಹೋಗುವವನು, ತನಗೆ ಬಂದ ಕಾಣಿಕೆಯನ್ನು ಬಡವರಿಗೆ ಕೊಡುವವನು. ಅವನನ್ನು ಬಿಟ್ಟರೆ ಮಕ್ಕಳು ಚಾಸರ್‌ನನ್ನು ನಾಸ್ತಿಕನನ್ನಾಗಿ ಮಾಡಿಬಿಡುತ್ತಾರೆ. ಕೆಲವರು ಚರ್ಚಿನ ವಿರುದ್ಧ ಎದ್ದ ಜರ್ಮನ್ ಸುಧಾರಕ ಲೂಥರ್‌ನ ಶಿಷ್ಯನನ್ನಾಗಿಯೂ ಮಾಡುತ್ತಾರೆ! ಚಾಸರ್ ತೀರಿಕೊಂಡದ್ದು 1400ರಲ್ಲಿ, ಲೂಥರ್ ದನಿ ಎತ್ತಿದ್ದು 1517ರಲ್ಲಿ.

ಕೊನೆಗೆ ಒಂದು ಪ್ರಶ್ನೆ ಇಡುತ್ತೇನೆ. ಗುಟ್ಟೆಲ್ಲ ಹೇಳಿ, ಕತೆ ಮುಗಿಸಿದ ಮೇಲೆ ಪಾರ್ಡನರ್ ಅದೇ ಯಾತ್ರಿಕರಿಗೆ ಕ್ಷಮಾಪತ್ರ ಮಾರಲು ನಿಲ್ಲುತ್ತಾನೆ. ಯಾತ್ರಿಕರ ಜೊತೆ ಬಂದಿದ್ದ ಹೋಟೆಲಿನ ಯಜಮಾನ ಹ್ಯಾರಿ ಬೈಲಿ ಕೈಯಲ್ಲಿ ಸರಿಯಾಗಿ ಉಗಿಸಿಕೊಳ್ಳುತ್ತಾನೆ. ಯಾಕೆ ಹೀಗೆ ಮಾಡಿದ? ಕತೆಗೆ ಮುಂಚೆ ಕುಡಿದಿದ್ದನಲ್ಲ ಅಂತಾರೆ ಕೆಲವರು. ತಮಾಷೆಗೆ ಅಂತಾರೆ ಇನ್ನು ಕೆಲವರು. ಬೆಲ್ ಹೊಡೆದರೂ ವಾದ ನಿಲ್ಲುವುದಿಲ್ಲ. ನನ್ನ ವೋಟು ಮಾತ್ರ ಅಭ್ಯಾಸಬಲಕ್ಕೆ. ಮಾರಿ ಮಾರಿ, ಅವನಿಗೆ ಸುಮ್ನೆ ಕೂರುವುದೇ ಮರೆತುಹೋಗಿತ್ತು.