ಮಲಗಿದರೂ ಇಳಿಯದ ಊತ

‘ಎಡಗಡೆ ವೆರಿಕೋಸೀಲ್, ಗ್ರೇಡ್ ಮೂರು, ಸ್ಕ್ರೋಟಲ್ ಡಾಪ್ಲರ್’ ಎಂದಷ್ಟೇ ಓಪಿಡಿ ಚೀಟಿಯಲ್ಲಿ ಬರೆದಿತ್ತು. ವೆರಿಕೋಸೀಲ್ ಎಂದರೆ ವೃಷಣದ ಮೇಲಿನ ರಕ್ತನಾಳಗಳು ಹಿಗ್ಗಿ ಊದಿಕೊಳ್ಳುವುದು, ಸ್ಕ್ರೋಟಲ್ ಡಾಪ್ಲರ್ ಎಂದರೆ ಅಲ್ಲಿನ ರಕ್ತದ ಹರಿವು ನೋಡುವ ಸ್ಕ್ಯಾನ್. ಆ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಶಸ್ತ್ರಚಿಕಿತ್ಸೆಗೆ ಮುಂದಿನ ವಾರದ ದಿನವೂ ಗೊತ್ತಾಗಿತ್ತು. ನನ್ನ ಕಣ್ಣು ನಿಂತದ್ದು ವಯಸ್ಸಿನ ಮೇಲೆ. ಐವತ್ತು ದಾಟಿದ ಲಾರಿ ಚಾಲಕರು ಅವರು. ವೆರಿಕೋಸೀಲ್ ಸಾಮಾನ್ಯವಾಗಿ ಹರೆಯದಲ್ಲಿ ಶುರುವಾಗುತ್ತದೆ. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಇರುತ್ತದೆ, ಬಹುಪಾಲು ಜನರಿಗೆ ಅದು ಇದೆಯೆಂಬುದೇ ಗೊತ್ತಿರುವುದಿಲ್ಲ. ಇವರಿಗೆ ಕಾಣಿಸಿಕೊಂಡದ್ದು ಕೆಲವೇ ತಿಂಗಳ ಹಿಂದೆ. ಲಂಗೋಟಿ ಬಿಗಿದುಕೊಂಡು, ನೋವಿನ ಮಾತ್ರೆ ನುಂಗಿಕೊಂಡು ಗಾಡಿ ಓಡಿಸಿದ್ದರು. ‘ಹೇಳಿಕೊಳ್ಳುವ ಜಾಗವೇ ಅದು, ಡಾಕ್ಟರೇ?’ ಎಂದರು.

ಮೊದಲು ನಿಲ್ಲಿಸಿಯೇ ನೋಡಿದೆ. ವೃಷಣದ ಮೇಲ್ಭಾಗದಲ್ಲಿ ರಕ್ತನಾಳಗಳು ಗೋಜಲಾಗಿ ಉಬ್ಬಿದ್ದವು, ಬರಿಗಣ್ಣಿಗೇ ಕಾಣುತ್ತಿದ್ದವು. ಆಮೇಲೆ ಮಲಗಿಸಿ ಕಾದೆ. ಸಾಮಾನ್ಯ ವೆರಿಕೋಸೀಲ್ ಆಗಿದ್ದರೆ ಮಲಗಿದ ಸ್ವಲ್ಪ ಹೊತ್ತಿನಲ್ಲಿ ರಕ್ತ ಹೊಟ್ಟೆಯ ಕಡೆಗೆ ಹರಿದು ಊತ ಇಳಿಯುತ್ತದೆ. ಇವರದು ಇಳಿಯಲೇ ಇಲ್ಲ.

ಎಡ ವೃಷಣದಿಂದ ಮೇಲೇರುವ ರಕ್ತನಾಳ ಎಡ ಮೂತ್ರಪಿಂಡದ ರಕ್ತನಾಳಕ್ಕೆ ಹೆಚ್ಚುಕಡಿಮೆ ಲಂಬಕೋನದಲ್ಲಿ ಹೋಗಿ ಸೇರುತ್ತದೆ. ಬಲಗಡೆಯದು ಹೃದಯಕ್ಕೆ ರಕ್ತ ಒಯ್ಯುವ ಹೊಟ್ಟೆಯ ದೊಡ್ಡ ಅಭಿಧಮನಿಗೇ ಓರೆಯಾಗಿ ಸೇರುತ್ತದೆ. ಎಡಗಡೆಯಲ್ಲೇ ಈ ತೊಂದರೆ ಹೆಚ್ಚು ಕಾಣಲು ಇದೊಂದು ಕಾರಣ. ಮೇಲೆ ಮೂತ್ರಪಿಂಡದ ಬಳಿ ದಾರಿ ಕಟ್ಟಿಕೊಂಡರೆ ಕೆಳಗೆ ವೃಷಣದಲ್ಲಿ ಊದುತ್ತದೆ. ಸ್ಕ್ಯಾನಿನ ಪ್ರೋಬನ್ನು ಹೊಟ್ಟೆಯ ಪಕ್ಕಕ್ಕೆ ಒಯ್ದೆ.

ಎಡ ಮೂತ್ರಪಿಂಡದ ಅಂಚಿನಲ್ಲಿ ಒಂದು ಉಬ್ಬು ಕಂಡಿತು. ಕೆಲವರಲ್ಲಿ ಹುಟ್ಟಿನಿಂದಲೇ ಆ ಜಾಗದಲ್ಲಿ ಒಂಟೆಯ ಡುಬ್ಬದಂತಹ ಉಬ್ಬು ಇರುತ್ತದೆ, ಅದರಿಂದ ಯಾವ ಅಪಾಯವೂ ಇಲ್ಲ. ಇದೂ ಅದೇ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಬಿಲ್ಲಿಂಗ್ ಕೌಂಟರಿನಿಂದ ಫೋನ್ ಬಂತು. ಬಿಲ್ ಆಗಿರುವುದು ಸ್ಕ್ರೋಟಲ್ ಡಾಪ್ಲರ್‌ಗೆ ಮಾತ್ರ, ಹೊಟ್ಟೆಯ ಸ್ಕ್ಯಾನ್‌ಗೆ ಬೇರೆ ಬಿಲ್, ಬೇರೆ ಟೋಕನ್, ಹೊರಗೆ ಸಾಲು ಬೆಳೆಯುತ್ತಿದೆ ಎಂದರು. ಫೋನ್ ಇಟ್ಟು ಜೆಲ್ ಮತ್ತಷ್ಟು ಹಚ್ಚಿದೆ. ಅವರನ್ನು ಬಲಮಗ್ಗುಲಿಗೆ ತಿರುಗಿಸಿ, ಉಸಿರು ಎಳೆದು ಹಿಡಿದುಕೊಳ್ಳಿ ಎಂದೆ. ಕರುಳಿನ ಗಾಳಿ ಸರಿದು ಪರದೆ ತಿಳಿಯಾಯಿತು. ಡುಬ್ಬವಾಗಿದ್ದರೆ ಅದರ ಒಳಗಿನ ಹೆಣಿಗೆ ಸುತ್ತಲಿನ ಮೂತ್ರಪಿಂಡದಂತೆಯೇ ಇರಬೇಕು. ಇದು ಹಾಗಿರಲಿಲ್ಲ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಹಾಕಿದಾಗ ಗಡ್ಡೆಯೊಳಗೆ ರಕ್ತ ಅಡ್ಡಾದಿಡ್ಡಿ ಹರಿಯುವುದು ಕಾಣಿಸಿತು. ಮೂತ್ರಪಿಂಡದ ರಕ್ತನಾಳದಲ್ಲಿ ಬಣ್ಣ ತುಂಬಲೇ ಇಲ್ಲ. ಗಡ್ಡೆ ಅದರೊಳಕ್ಕೂ ಬೆಳೆದು ದಾರಿಗೆ ಅಡ್ಡ ಕೂತಿತ್ತು.

ಮೂತ್ರದ ಬಣ್ಣ ಯಾವಾಗಲಾದರೂ ಬದಲಾಗಿತ್ತೇ ಎಂದು ಕೇಳಿದೆ. ‘ಹಿಂದೊಮ್ಮೆ ಕೆಂಪಗೆ ಹೋಗಿತ್ತು. ಎಂಜಿನ್ ಪಕ್ಕ ಕೂರುತ್ತೇವಲ್ಲ, ಉಷ್ಣ ಎಂದುಕೊಂಡೆ. ಎಳನೀರು ಕುಡಿದೆ, ನಿಂತಿತು’ ಎಂದರು. ಆಸ್ಪತ್ರೆಯಲ್ಲಿ ಈ ಪ್ರಶ್ನೆಯನ್ನು ಅವರಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದು ತಾನಾಗಿ ನಿಂತರೂ ಅದಕ್ಕೆ ತಪಾಸಣೆ ಬೇಕೇ ಬೇಕು. ನಮ್ಮ ಕಡೆ ಉಷ್ಣದ ಲೆಕ್ಕಕ್ಕೆ ಬರೆದು ಕಳೆದುಕೊಂಡ ತಿಂಗಳುಗಳು ಬಹಳ.

ವೆರಿಕೋಸೀಲ್ ಶಸ್ತ್ರಚಿಕಿತ್ಸೆ ರದ್ದಾಯಿತು. ಸಿ.ಟಿ. ಆಯಿತು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳುಹಿಸಿದೆವು. ಮೂತ್ರಪಿಂಡವನ್ನು ಗಡ್ಡೆಯ ಸಮೇತ ತೆಗೆದರು.

ನನ್ನನ್ನು ಇನ್ನೂ ಚುಚ್ಚುವುದು ನಮ್ಮ ವ್ಯವಸ್ಥೆ. ವರದಿಯ ಟೆಂಪ್ಲೇಟಿನಲ್ಲಿ ರಕ್ತನಾಳದ ಅಗಲ ಎಷ್ಟು ಮಿಲಿಮೀಟರ್ ಎಂದು ತುಂಬಲು ಜಾಗವಿದೆ. ಮಲಗಿದಾಗ ಇಳಿಯಿತೇ, ಎಂದಿನಿಂದ ಇದೆ, ಮೂತ್ರಪಿಂಡ ನೋಡಿದಿರಾ ಎಂಬುದಕ್ಕೆ ಒಂದು ಸಾಲೂ ಇಲ್ಲ. ಸಾಲು ಉದ್ದವಿದ್ದ ದಿನ ರೋಗಿಯನ್ನು ನಿಲ್ಲಿಸಿ ನೋಡುವುದೂ ತಪ್ಪಿಹೋಗುತ್ತದೆ. ದೊಡ್ಡ ವಯಸ್ಸಿನಲ್ಲಿ ದಿಢೀರನೆ ಬಂದದ್ದು, ಮಲಗಿದರೂ ಇಳಿಯದ್ದು, ಹೊಸದಾಗಿ ಬಲಗಡೆ ಮಾತ್ರ ದೊಡ್ಡದಾಗಿ ಊದಿದ್ದು ಇವುಗಳಲ್ಲಿ ಯಾವುದೊಂದಿದ್ದರೂ ಹೊಟ್ಟೆಯನ್ನು ನೋಡದೆ ವರದಿಗೆ ಸಹಿ ಹಾಕಬಾರದು ಎಂದು ನಮ್ಮಲ್ಲಿ ಕಲಿಯುತ್ತಿರುವ ಪಿ.ಜಿ. ವೈದ್ಯರಿಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಬಿಲ್ಲಿನ ಜಗಳವನ್ನು ಆಮೇಲೆ ನಾನು ಆಡಿಕೊಳ್ಳುತ್ತೇನೆ.

ಇದಕ್ಕೆ ತದ್ವಿರುದ್ಧವಾದ ಸಂಕಟವನ್ನೂ ದಿನಾ ನೋಡುತ್ತೇನೆ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿಕೊಂಡ ಹುಡುಗ ವರದಿಯಲ್ಲಿ ‘ವೆರಿಕೋಸೀಲ್’ ಎಂಬ ಪದ ಕಂಡು ನಿದ್ದೆಗೆಟ್ಟು ಬರುತ್ತಾನೆ, ಮದುವೆ ನಿಂತುಹೋಗುತ್ತದೆಂದು ಅಳುತ್ತಾನೆ. ಕೈಗೆ ಸಿಗದೆ ಸ್ಕ್ಯಾನಿನಲ್ಲಿ ಮಾತ್ರ ಕಾಣುವುದಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ತಿಣುಕಿದಾಗ ಮಾತ್ರ ಕೈಗೆ ಸಿಗುವುದು ಗ್ರೇಡ್ ಒಂದು, ನಿಂತಾಗಲೇ ಸಿಗುವುದು ಎರಡು, ಕಣ್ಣಿಗೇ ಕಾಣುವುದು ಮೂರು. ಗ್ರೇಡ್ ಮೂರಾದರೂ ನೋವಿಲ್ಲದೆ, ವೀರ್ಯ ಪರೀಕ್ಷೆ ಸರಿಯಿದ್ದರೆ ಸುಮ್ಮನೆ ಆಗಾಗ ನೋಡಿಕೊಂಡಿದ್ದರೆ ಸಾಕು. ಸೇನಾ ಭರ್ತಿಯಲ್ಲಿ ಈ ಕಾರಣಕ್ಕೆ ಆಯ್ಕೆಯಾಗದೆ ವಾಪಸಾದ ಹುಡುಗರ ಮಾತು ಬೇರೆ, ಅವರಿಗೆ ನೌಕರಿಯ ನಿಯಮವೇ ಒತ್ತಡ.

ಹದಿಹರೆಯದವರಲ್ಲಿ ನಾನು ಅಳೆಯುವುದು ವೃಷಣದ ಗಾತ್ರವನ್ನು. ಊದಿದ ಕಡೆಯದು ಇನ್ನೊಂದಕ್ಕಿಂತ ಶೇಕಡ 20ಕ್ಕೂ ಹೆಚ್ಚು ಚಿಕ್ಕದಾಗಿ, ಮರುತಪಾಸಣೆಯಲ್ಲೂ ಹಾಗೆಯೇ ಉಳಿದರೆ ಯೂರಾಲಜಿಸ್ಟ್ (ಮೂತ್ರಾಂಗ ತಜ್ಞರು) ಬಳಿ ಕಳುಹಿಸುತ್ತೇನೆ. ಮಕ್ಕಳಾಗದ ದಂಪತಿಗಳ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಹೆಂಡತಿಯ ಕೈಯಲ್ಲಿ ದಪ್ಪ ಫೈಲು, ಗಂಡನಿಗೆ ಒಂದು ವೀರ್ಯ ಪರೀಕ್ಷೆಯೂ ಆಗಿರುವುದಿಲ್ಲ. ಬಂಜೆತನಕ್ಕಾಗಿ ತಪಾಸಣೆಗೆ ಬರುವ ನೂರು ಗಂಡಸರಲ್ಲಿ 35ರಿಂದ 40 ಮಂದಿಗೆ ವೆರಿಕೋಸೀಲ್ ಇರುತ್ತದೆ. ಅದು ಕೈಗೆ ಸಿಗುವಂತಿದ್ದು, ವೀರ್ಯ ಪರೀಕ್ಷೆಯಲ್ಲಿ ಕೊರತೆ ಕಂಡಾಗ ಶಸ್ತ್ರಚಿಕಿತ್ಸೆಗೆ ಅರ್ಥವಿದೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ ಫಲ ತಿಳಿಯಲು ಮೂರು ತಿಂಗಳಾದರೂ ಕಾಯಬೇಕು. ಹೆಂಡತಿಯ ವಯಸ್ಸು ಏರುತ್ತಿದ್ದರೆ ಅಷ್ಟು ಕಾಯಬಹುದೇ ಎಂಬುದನ್ನು ಇಬ್ಬರನ್ನೂ ಕೂರಿಸಿಕೊಂಡೇ ಮಾತನಾಡಬೇಕು.

ವೆರಿಕೋಸೀಲ್ ನೋವು ಮಂದವಾದದ್ದು, ಕೆಳಗೆ ಜಗ್ಗಿದಂತಿರುತ್ತದೆ. ದಿನವಿಡೀ ನಿಂತರೆ, ಭಾರ ಎತ್ತಿದರೆ ಹೆಚ್ಚುತ್ತದೆ, ಮಲಗಿದರೆ ತಗ್ಗುತ್ತದೆ. ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದು ವಾಂತಿಯೂ ಆದರೆ ವೃಷಣ ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಬಿಡಿಸಿದರೆ ಅದು ಉಳಿಯುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ. ಅಂಥ ಹುಡುಗನ ಕೈಯಲ್ಲಿ ಹಳೆಯ ವೆರಿಕೋಸೀಲ್ ವರದಿ ಇದ್ದರೂ ಟೋಕನ್ ಕೊಟ್ಟು ಕೂರಿಸಬೇಡಿ, ಬಿಲ್ ಕೇಳಬೇಡಿ, ಸರ್ಜನ್‌ಗೆ ಫೋನ್ ಮಾಡಿ ನೇರ ಒಳಗೆ ಕಳುಹಿಸಿ ಎಂದು ನಮ್ಮ ಕೌಂಟರಿನವರಿಗೆ ಹೇಳಿಟ್ಟಿದ್ದೇನೆ.