ಕಾಡು ಉಳಿಸಬೇಕು ಅಂತೀರಿ, ಮತ್ತೆ ಮರ ಯಾಕೆ ಕಡಿಸ್ತೀರಿ?

ಊರಿಂದ ಫೋನ್ ಮಾಡುವವರೆಲ್ಲ ನನಗೆ ಇದನ್ನೇ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

ನನ್ನ ಕೆಲಸ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ವಿಲಿಯಮ್ಸ್ ಲೇಕ್ ಊರಿನ ಸುತ್ತಿನ ಡಗ್ಲಸ್ ಫರ್ ಎಂಬ ಸೂಜಿಯೆಲೆ ಮರಗಳ ಕಾಡುಗಳಲ್ಲಿ. ಕರಾವಳಿಯ ಪರ್ವತಗಳ ಮರೆಯಲ್ಲಿರುವ ಈ ಒಳನಾಡಿಗೆ ಮಳೆ ಕಡಿಮೆ. ಮರ ನಿಧಾನವಾಗಿ ಬೆಳೆಯುತ್ತದೆ.

ಹಿಂದೆ ಇಲ್ಲಿ ನೆಲಮಟ್ಟದ ಸಣ್ಣ ಬೆಂಕಿ ಆಗಾಗ ಓಡಾಡುತ್ತಿತ್ತು. ಕೆಲವು ಸಿಡಿಲಿನಿಂದ ಹುಟ್ಟಿದ್ದು, ಕೆಲವು ಮೂಲನಿವಾಸಿಗಳು ಬೇಕೆಂದೇ ಹಚ್ಚಿದ್ದು. ಎಳೆ ಗಿಡಗಳು ಸುಟ್ಟುಹೋಗುತ್ತಿದ್ದವು, ದಪ್ಪ ತೊಗಟೆಯ ಹಳೆ ಮರಗಳು ಉಳಿಯುತ್ತಿದ್ದವು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲದ ಒಣ ಎಲೆಗೆ ಹಚ್ಚುತ್ತಿದ್ದ ತರಗು ಬೆಂಕಿ ಗೊತ್ತಲ್ವಾ? ಅದನ್ನು ನಿಲ್ಲಿಸಿದ ಹಾಗೆ ಇಲ್ಲಿಯೂ ಸರ್ಕಾರ ಬೆಂಕಿ ನಿಲ್ಲಿಸಿತು. ಈಗ ದೊಡ್ಡ ಮರಗಳ ಕೆಳಗೆ ಸಣಕಲು ಗಿಡಗಳು ಒತ್ತೊತ್ತಾಗಿ ತುಂಬಿವೆ. ಇದ್ದಷ್ಟು ನೀರಿಗೆ ಎಲ್ಲವೂ ಪೈಪೋಟಿ. ಎಲೆ ತಿನ್ನುವ ಬಡ್‌ವರ್ಮ್ ಹುಳು ಮೇಲಿನ ಮರದಿಂದ ಉದುರಿದರೆ ಕೆಳಗೆ ಊಟ ಸಿದ್ಧ. ಬೆಂಕಿ ಬಿದ್ದರಂತೂ ಈ ಗಿಡಗಳನ್ನೇ ಏಣಿ ಮಾಡಿಕೊಂಡು ನೆತ್ತಿಗೆ ಹತ್ತುತ್ತದೆ. 2017ರಲ್ಲಿ ಈ ಪ್ರಾಂತ್ಯದಲ್ಲಿ ಸುಮಾರು 12 ಲಕ್ಷ ಹೆಕ್ಟೇರ್ ಸುಟ್ಟಿತು. ಇಡೀ ವಿಲಿಯಮ್ಸ್ ಲೇಕ್ ಊರನ್ನೇ ಖಾಲಿ ಮಾಡಿಸಿದರು.

ಹಾಗಾಗಿ ನಾವು ಕಡಿಸುವುದು ಹೆಚ್ಚಾಗಿ ಆ ಸಣ್ಣ ಮರಗಳನ್ನು. ಪೂರ್ತಿ ಬೋಳು ಮಾಡಿದರೆ ಆಗದು. ಬಯಲಿನಲ್ಲಿ ಹೊಸ ಸಸಿ ಬಿಸಿಲಿಗೆ ಒಣಗುತ್ತದೆ, ಇಲ್ಲವೇ ಹಿಮಕ್ಕೆ ಸಾಯುತ್ತದೆ. ಅದಕ್ಕೆ ತಾಯಿ ಮರದ ಅರೆನೆರಳು ಬೇಕು. ಹಳೆ ಮರ ಮ್ಯೂಲ್ ಜಿಂಕೆಗೂ ಬೇಕು. ಚಳಿಗಾಲದಲ್ಲಿ ಅದರ ಹರಡಿದ ಕೊಂಬೆಗಳು ಹಿಮವನ್ನು ಮೇಲೆಯೇ ತಡೆಯುತ್ತವೆ. ಉದುರಿದ ಸೊಪ್ಪೇ ಜಿಂಕೆಯ ಮೇವು. ಅದಕ್ಕೇ ಎಲ್ಲ ಕಡೆ ಒಂದೇ ಅಂತರ ಬಿಡದೆ, ಅಲ್ಲಲ್ಲಿ ಗುಂಪು, ಅಲ್ಲಲ್ಲಿ ಬಯಲು ಬಿಡುತ್ತೇವೆ.

ಕಡಿದ ರೆಂಬೆಗಳನ್ನು ಅಲ್ಲೇ ಬಿಟ್ಟರೆ ಮುಂದಿನ ಬೆಂಕಿಗೆ ನಾವೇ ಸೌದೆ ಒಟ್ಟಿದ ಹಾಗೆ. ಅವನ್ನು ತೆಗೆಯಬೇಕು, ಅಥವಾ ಹದ ನೋಡಿ ಸುಡಬೇಕು. ಇದಕ್ಕೆಲ್ಲ ದುಡ್ಡು ಬೇಕು, ಸಣಕಲು ಮರಕ್ಕೆ ಬೆಲೆಯಿಲ್ಲ. ನನಗೆ ನಿಜವಾದ ಭಯ ಇರುವುದು ಇಲ್ಲೇ. ಖರ್ಚು ಹೊಂದಿಸಲು ನಾಲ್ಕು ದೊಡ್ಡ ಮರ ಕಡಿಯೋಣ ಅನ್ನುವ ಮಾತು ಸುಲಭವಾಗಿ ಬರುತ್ತದೆ. ಅಂಥ ಕಡಿತಕ್ಕೆ ನಾನು ಒಪ್ಪುವುದಿಲ್ಲ.